ಮುಟ್ಟಿದರೂ ತಿಳಿಯದ ಗುಂಡಿ

2019ರ ಮಾರ್ಚ್‌ನಲ್ಲಿ ಜರ್ಮನಿಯಲ್ಲಿ ಒಬ್ಬರು ಜೋರು ಮಳೆಯ ನಡುವೆ ಟೆಸ್ಲಾ ಕಾರು ಓಡಿಸುತ್ತಿದ್ದರು. ವೈಪರ್‌ನ ವೇಗ ಬದಲಿಸಲು ಟಚ್‌ಸ್ಕ್ರೀನ್ ಕಡೆ ನೋಡುತ್ತಿದ್ದಾಗ ಕಾರು ರಸ್ತೆ ಬಿಟ್ಟು ಮರಗಳಿಗೆ ಗುದ್ದಿತು. ಮರುವರ್ಷ ಕಾರ್ಲ್ಸ್‌ರೂಹೆಯ ಉಚ್ಚ ನ್ಯಾಯಾಲಯವು, ಕಾರಿಗೇ ಅಳವಡಿಸಿದ್ದರೂ ಈ ಪರದೆಗೆ ಮೊಬೈಲ್ ಫೋನಿನಂಥ ಸಾಧನಗಳಿಗಿರುವ ನಿಯಮವೇ ಅನ್ವಯಿಸುತ್ತದೆ ಎಂದು ಹೇಳಿ, 200 ಯೂರೋ ದಂಡವನ್ನೂ ಒಂದು ತಿಂಗಳ ಚಾಲನಾ ನಿಷೇಧವನ್ನೂ ಎತ್ತಿಹಿಡಿಯಿತು. ಮಳೆ ಬಂದಾಗ ವೈಪರ್ ಸರಿಪಡಿಸಿಕೊಳ್ಳುವುದು ಚಾಲಕನ ಕರ್ತವ್ಯ. ಅದನ್ನು ಪರದೆಯೊಳಗೆ ಅಡಗಿಸಿಟ್ಟವರು ಮಾತ್ರ ಕಟಕಟೆಯಲ್ಲಿ ಇರಲಿಲ್ಲ.

ಕರೆಂಟು ಹೋದ ರಾತ್ರಿ ನಮ್ಮ ಮನೆಯ ಬೆಂಕಿಪೊಟ್ಟಣ ತಡಕಾಡದೆ ಕೈಗೆ ಸಿಗುತ್ತದೆ. ಕೈ ಎಲ್ಲಿದೆ, ಎಷ್ಟು ಚಾಚಿದೆ ಎಂಬ ಸುದ್ದಿಯನ್ನು ಸ್ನಾಯುಗಳೂ ಕೀಲುಗಳೂ ಮೆದುಳಿಗೆ ಮುಟ್ಟಿಸುತ್ತಲೇ ಇರುತ್ತವೆ. ಉಳಿದದ್ದನ್ನು ಬೆರಳ ತುದಿಯ ಚರ್ಮ ಗುರುತಿಸುತ್ತದೆ. ಹಳೆಯ ಕಾರಿನ ತಿರುಗುಗುಂಡಿ ಈ ಅರಿವನ್ನೇ ನಂಬಿತ್ತು. ಒಂದು ಹಲ್ಲು ತಿರುಗಿದರೆ 'ಟಿಕ್' ಎನ್ನುತ್ತಿತ್ತು, ಕೆಲಸವಾಯಿತೆಂದು ಬೆರಳಿಗೇ ಗೊತ್ತಾಗುತ್ತಿತ್ತು. ಟಚ್‌ಸ್ಕ್ರೀನ್ ಹಾಗಲ್ಲ. ಗಾಜಿನ ಹಿಂದಿನ ವಿದ್ಯುತ್ ಕ್ಷೇತ್ರದಲ್ಲಿ ಬೆರಳು ಉಂಟುಮಾಡುವ ಸಣ್ಣ ಬದಲಾವಣೆಯನ್ನು ಅಳೆದು ಅದು ನಮ್ಮ ಬೆರಳಿರುವ ಜಾಗವನ್ನು ಕರಾರುವಾಕ್ಕಾಗಿ ತಿಳಿದುಕೊಳ್ಳುತ್ತದೆ, ಆದರೆ ಬೆರಳಿಗೆ ಮಾತ್ರ ಎಲ್ಲೆಲ್ಲೂ ಒಂದೇ ನುಣುಪು. ಹಾಗಾಗಿ ಕೈ ಮಾಡುತ್ತಿದ್ದ ಕೆಲಸಕ್ಕೆ ಕಣ್ಣು ಹೋಗಬೇಕಾಗುತ್ತದೆ.

ಇದರ ಬೆಲೆಯನ್ನು ಸ್ವೀಡನ್ನಿನ 'ವಿ ಬೀಲೆಗಾರೆ' ಎಂಬ ವಾಹನ ಪತ್ರಿಕೆ 2022ರಲ್ಲಿ ಮೀಟರುಗಳಲ್ಲಿ ಅಳೆಯಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಹೋಗುತ್ತಾ ರೇಡಿಯೋ ಹಚ್ಚುವುದು, ಒಳಗಿನ ಉಷ್ಣತೆ ಏರಿಸುವುದು ಮುಂತಾದ ನಾಲ್ಕು ಕೆಲಸಗಳನ್ನು ಮುಗಿಸಬೇಕಿತ್ತು. ಗುಂಡಿಗಳೇ ತುಂಬಿದ್ದ 2005ರ ವೋಲ್ವೋ ಕಾರಿನಲ್ಲಿ ಹತ್ತು ಸೆಕೆಂಡು, ಅಂದರೆ 306 ಮೀಟರ್ ಸಾಕಾಯಿತು. ಹೊಸ ಕಾರುಗಳಲ್ಲಿ ಕೊನೆಯ ಸ್ಥಾನ ಪಡೆದದ್ದು ಅದೇ ಕೆಲಸಗಳು ಮುಗಿಯುವ ಹೊತ್ತಿಗೆ 1,372 ಮೀಟರ್ ಕ್ರಮಿಸಿತ್ತು. ಚಾಲಕರಿಗೆ ಆಯಾ ಕಾರಿನ ವ್ಯವಸ್ಥೆಯನ್ನು ಮೊದಲೇ ಪರಿಚಯಿಸಿಕೊಳ್ಳಲು ಸಮಯ ಕೊಟ್ಟಿದ್ದರೂ ಹೀಗಾಯಿತು.

ಹಾಗಿದ್ದರೂ ಪರದೆಗಳು ಹೆಚ್ಚುತ್ತಿರುವುದು ಲೆಕ್ಕಾಚಾರದಿಂದ. ಪ್ರತಿ ಗುಂಡಿಗೂ ಅಚ್ಚು, ತಂತಿ, ಜೋಡಣೆ ಬೇಕು. ಪರದೆ ಒಂದಿದ್ದರೆ ಉಳಿದದ್ದೆಲ್ಲ ತಂತ್ರಾಂಶ.

ಕಣ್ಣಿನಂತೆ ಕಿವಿಯ ಮೇಲೂ ಹೊರೆ ಬಿದ್ದಿದೆ. ಭಾರತದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳು 80 ಕಿ.ಮೀ. ವೇಗ ದಾಟಿದರೆ ಆಗಾಗ, 120 ದಾಟಿದರೆ ಎಡೆಬಿಡದೆ ಕೂಗಬೇಕು. ಕಾರುಗಳಿಗೆ 100 ಕಿ.ಮೀ. ಮಿತಿಯಿರುವ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 95ರಲ್ಲಿ ಹೋಗುವವರೂ ಈ ಬೀಪ್ ಕೇಳಬೇಕು. ತಪ್ಪಿಲ್ಲದಾಗಲೂ ಕೂಗುವ ಗಂಟೆಯನ್ನು ಮೆದುಳು ಬೇಗನೆ ಕಡೆಗಣಿಸಲು ಕಲಿಯುತ್ತದೆ, ನಿಜವಾದ ಅಪಾಯದಲ್ಲಿ ಅದೇ ಗಂಟೆ ಕೂಗಿದಾಗಲೂ ಆ ಅಭ್ಯಾಸ ಬಿಡದು.

ಎಲೆಕ್ಟ್ರಾನಿಕ್ಸ್ ಬೇಡವೆಂಬ ಮಾತಲ್ಲ ಇದು. ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ಕಾಯುವ ಎಬಿಎಸ್ ಕೂಡ ಎಲೆಕ್ಟ್ರಾನಿಕ್ಸೇ; ಅದು ನಮ್ಮಿಂದ ಒಂದು ನೋಟವನ್ನೂ ಬೇಡುವುದಿಲ್ಲ.

ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್, 2026ರಿಂದ ಇಂಡಿಕೇಟರ್, ಅಪಾಯದ ದೀಪ, ಹಾರ್ನ್, ವೈಪರ್ ಮತ್ತು ತುರ್ತು ಕರೆ, ಈ ಐದಕ್ಕೆ ಕೈಗೆ ಸಿಗುವ ಗುಂಡಿಯೋ ಕಡ್ಡಿಯೋ ಇಲ್ಲದಿದ್ದರೆ ಅಂಕ ಕಳೆಯುವುದಾಗಿ ಪ್ರಕಟಿಸಿದೆ. ಏಸಿ ಆ ಪಟ್ಟಿಯಲ್ಲಿಲ್ಲ.