ಚಾವಡಿಗೆ ಬಂದ ಚಂಡೆ, ಡಬ್ಬದೊಳಗಿನ ಚಂಡೆ

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಉಡುಪಿ ಕಡೆ ಚಿಕ್ಕಮೇಳಗಳ ತಿರುಗಾಟ ಶುರುವಾಗುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಮನೆಗೆ ಬರುತ್ತಾರೆ. ಭಾಗವತರು, ಮದ್ದಲೆಯವರು, ಚಂಡೆಯವರು, ಎರಡು ವೇಷ. ಕಳೆದ ಮಳೆಗಾಲ ನಮ್ಮ ಚಾವಡಿಯಲ್ಲೂ ಕಾಲು ಗಂಟೆ ಕುಣಿದರು. ಮೈಕ್ ಇಲ್ಲ. ಚಂಡೆಯ ಮೊದಲ ಪೆಟ್ಟಿಗೇ ಶೋಕೇಸಿನ ಗಾಜು ಸಣ್ಣಗೆ ನಡುಗಿತು. ಅವರು ಅಕ್ಕಿ, ಕಾಯಿ, ಕಾಣಿಕೆ ತೆಗೆದುಕೊಂಡು ಮುಂದಿನ ಮನೆಗೆ ಹೋದರು. ಅದೇ ಗುಂಗಿನಲ್ಲಿ ಸ್ಟೀರಿಯೊದಲ್ಲಿ ಯಕ್ಷಗಾನದ ಒಂದು ರೆಕಾರ್ಡಿಂಗ್ ಹಾಕಿದೆ. ಮನಸ್ಸು ಪಿಚ್ಚೆಂದಿತು. ಭಾಗವತರು ಮೂಗಿನಲ್ಲಿ ಹಾಡಿದಂತೆ, ಚಂಡೆ ಬದಲು ತಗಡಿನ ಡಬ್ಬ ಬಡಿದಂತೆ.

ಕೋಣೆಯದೇ ತಪ್ಪು ಎಂದುಕೊಂಡೆ. ಮೇಲೆ ತಾರಸಿ, ಕೆಳಗೆ ನುಣ್ಣನೆಯ ಟೈಲ್ಸ್, ಒಂದು ಬದಿಗೆ ಗಾಜಿನ ಕಿಟಕಿ. ಚಪ್ಪಾಳೆ ತಟ್ಟಿದರೆ ಟಿರ್‍ರ್ ಎಂದು ಸದ್ದು ಗೋಡೆಯಿಂದ ಗೋಡೆಗೆ ಓಡುತ್ತದೆ. ಆದರೆ ಅದೇ ಕೋಣೆಯಲ್ಲಿ ಬಾರಿಸಿದ ಚಂಡೆ ಚಂಡೆಯ ಹಾಗೆಯೇ ಕೇಳಿತಲ್ಲ! ಕೋಣೆ ಕೆಟ್ಟದ್ದಾದರೆ ಎರಡೂ ಕೆಡಬೇಕಿತ್ತು, ಅಲ್ವಾ?

ಯಂತ್ರದ ದನಿ ಸಹಜವಾಗಿದೆಯೇ ಎಂಬ ಜಗಳ ಇವತ್ತಿನದಲ್ಲ. ಎಡಿಸನ್ ಸದ್ದನ್ನು ದಾಖಲಿಸಿ ಮತ್ತೆ ನುಡಿಸುವ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. 1915ರಿಂದ ಅವನ ಕಂಪನಿ ಅಮೆರಿಕದ ಊರೂರಲ್ಲಿ ಒಂದು ಪ್ರದರ್ಶನ ನಡೆಸಿತು. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಯಂತ್ರ. ದೀಪ ಆರಿಸಿ, ಯಾರು ಹಾಡುತ್ತಿದ್ದಾರೆ ಹೇಳಿ ಎನ್ನುತ್ತಿದ್ದರು. ಎಷ್ಟೋ ಮಂದಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಆ ಕಾಲದ ರೆಕಾರ್ಡುಗಳಲ್ಲಿ ಸರಿಯಾಗಿ ದಾಖಲಾಗುತ್ತಿದ್ದದ್ದು ಸುಮಾರು 250ರಿಂದ 2,500 ಹರ್ಟ್ಸ್ (ಸೆಕೆಂಡಿಗೆ ಇಷ್ಟು ಕಂಪನ) ತನಕ. ನಮ್ಮ ಕಿವಿಗೆ 20ರಿಂದ 20,000ದವರೆಗೆ ಕೇಳಿಸುತ್ತದೆ. ಹಾಗಾದರೆ ಜನ ಹೇಗೆ ಮೋಸಹೋದರು? ಹಾಡಿದವರಲ್ಲಿ ಒಬ್ಬರಾದ ಅನ್ನಾ ಕೇಸ್ ಎಷ್ಟೋ ವರ್ಷಗಳ ಮೇಲೆ ಒಪ್ಪಿಕೊಂಡರು: ಯಂತ್ರದ ದನಿಗೆ ಹೊಂದುವ ಹಾಗೆ ತಾನೇ ದನಿ ಬದಲಿಸಿ ಹಾಡುತ್ತಿದ್ದರಂತೆ. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬ ಮುಖ್ಯ ಎನಿಸುವುದು ಇದೇ. ಆಗ ಕೇಳಿದವರಿಗೆ ಹೋಲಿಸಲು ಅಷ್ಟೇನೂ ಮೇಲಾದ ಯಂತ್ರವೇ ಇರಲಿಲ್ಲ.

1925ರಲ್ಲಿ ಮೈಕಿನ ಮೂಲಕ ವಿದ್ಯುತ್ ಬಳಸಿ ರೆಕಾರ್ಡ್ ಮಾಡುವುದು ಬಂತು. ಇವತ್ತಿಗೂ ಸ್ಪೀಕರಿನೊಳಗೆ ಇರುವ ಕೋನ್ (ನಡುಗಿ ಸದ್ದು ಹೊರಡಿಸುವ ಆಲಿಕೆಯಂಥ ಹಾಳೆ) ಮತ್ತು ಅದನ್ನು ನಡುಗಿಸುವ ತಂತಿಯ ಕಾಯಿಲ್‌ನ ರೂಪವನ್ನು ರೈಸ್ ಮತ್ತು ಕೆಲಾಗ್ ಎಂಬಿಬ್ಬರು ವಿವರಿಸಿದ್ದೂ ಅದೇ ವರ್ಷ. 1931ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಆಲನ್ ಬ್ಲಮ್ಲೈನ್‌ಗೆ ಸಿನಿಮಾ ನೋಡುವಾಗ ಒಂದು ಸಂಗತಿ ಕಿರಿಕಿರಿ ಮಾಡಿತಂತೆ. ನಟ ಪರದೆಯ ಆ ತುದಿಗೆ ನಡೆದರೂ ದನಿ ಮಾತ್ರ ಇದ್ದಲ್ಲೇ ಇತ್ತು. ಎರಡು ಕಿವಿಗೆ ಎರಡು ದಾರಿಯಲ್ಲಿ ಸದ್ದು ಕಳಿಸುವ ಪೇಟೆಂಟಿಗೆ ಆ ವರ್ಷದ ಡಿಸೆಂಬರಿನಲ್ಲಿ ಅರ್ಜಿ ಹಾಕಿದ. ಅದೇ ಸ್ಟೀರಿಯೊ. ಎಡಕಿವಿಗೂ ಬಲಕಿವಿಗೂ ಸದ್ದು ತಲುಪುವುದರಲ್ಲಿ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಅಂತರ ಇದ್ದರೂ ಮಿದುಳು ದಿಕ್ಕು ಹಿಡಿಯುತ್ತದೆ. ಆದರೆ ಸ್ಟೀರಿಯೊ ತಟ್ಟೆ ಅಂಗಡಿಗೆ ಬರಲು 1958 ಆಗಬೇಕಾಯಿತು.

ನಮ್ಮ ಕರಾವಳಿಯ ಬಹಳ ಮನೆಗಳಿಗೆ ಸ್ಟೀರಿಯೊ ಬಂದದ್ದು ಗಲ್ಫಿನ ದಾರಿಯಲ್ಲಿ. ಮಾವ ರಜೆಯಲ್ಲಿ ತಂದ ಟೂ-ಇನ್-ವನ್, ಅದರ ಮೇಲೆ ಅಮ್ಮ ಹೊದಿಸಿದ ಕಸೂತಿ ಬಟ್ಟೆ. ಎರಡು ಸ್ಪೀಕರಿನ ನಡುವೆ ಒಂದಡಿಯೂ ಇಲ್ಲ, ಹಾಗಾಗಿ ಸ್ಟೀರಿಯೊ ಹೆಸರಿಗೆ ಮಾತ್ರ. ಮಳೆಗಾಲದಲ್ಲಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಟ್ರೆಬಲ್ ಸತ್ತೇ ಹೋಗುತ್ತಿತ್ತು. ಆದರೂ ತಾಳಮದ್ದಳೆಯ ಮಾತು ಅದರಲ್ಲಿ ಎಷ್ಟು ಹಿತವಾಗಿ ಕೇಳುತ್ತಿತ್ತು!

ಅದಕ್ಕೆ ಒಂದು ಕಾರಣ ಮನೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ಕಡೆಯ ಮನೆಗಳ ಮಾಡು ಕೆಂಪಾಯಿತು. ಹೆಂಚು, ಮರದ ರೀಪು, ಪಕ್ಕಾಸು ಇರುವ ಮಾಡಿಗೆ ಸದ್ದು ಬಡಿದರೆ ಚೂರಾಗಿ ಚದುರುತ್ತದೆ. ಬಾಸ್ ಸಂದಿಯಲ್ಲಿ ಹೊರಗೆ ಹೋಗುತ್ತದೆ. ಕಾಂಕ್ರೀಟು ಕೋಣೆ ಅದನ್ನು ಒಳಗೇ ಹಿಡಿದಿಡುತ್ತದೆ. 12 ಅಡಿ ಉದ್ದದ ಕೋಣೆ ಸುಮಾರು 47 ಹರ್ಟ್ಸಿನಲ್ಲಿ ತಾನೇ ಗುಂಯ್‌ಗುಡುತ್ತದೆ. ಸ್ಪೀಕರನ್ನು ಮೂಲೆಗೆ ತಳ್ಳಿದರೆ ಅದು ಇನ್ನೂ ಜಾಸ್ತಿ.

ಆದರೂ ಅದೇ ಕೋಣೆಯಲ್ಲಿ ನಿಜದ ಚಂಡೆ ಯಾಕೆ ಕೆಡಲಿಲ್ಲ ಎಂಬ ನನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ. ಉತ್ತರದ ಅರ್ಧ ಜರ್ಮನಿಯ ಹೆಲ್ಮುಟ್ ಹಾಸ್‌ನಲ್ಲಿದೆ. 1949ರಲ್ಲಿ ಅವನು ತೋರಿಸಿದ್ದು ಇದು: ಮೊದಲ ಸದ್ದಿನ ಹಿಂದೆ ಸುಮಾರು 30 ಮಿಲಿಸೆಕೆಂಡಿನೊಳಗೆ ಗೋಡೆಯಿಂದ ಮರಳುವ ಸದ್ದನ್ನು ಮಿದುಳು ಬೇರೆಯಾಗಿ ಕೇಳುವುದಿಲ್ಲ, ಮೊದಲಿನದರ ಜೊತೆ ಸೇರಿಸಿಬಿಡುತ್ತದೆ. ಸದ್ದು ಒಂದಡಿ ಹೋಗಲು ಒಂದು ಮಿಲಿಸೆಕೆಂಡಿನಷ್ಟು ಸಮಯ ಸಾಕು. ಹಾಗಾಗಿ ಚಾವಡಿಯ ಗೋಡೆಗಳಿಗೆ ಬಡಿದು ಬರುವ ಮೊದಲ ಸದ್ದುಗಳೆಲ್ಲ ಈ ಲೆಕ್ಕದೊಳಗೇ ಬರುತ್ತವೆ. ಅಮ್ಮ ಬಚ್ಚಲಿನಿಂದ ಕರೆದರೂ ಅಂಗಳದಿಂದ ಕರೆದರೂ ಅಮ್ಮನ ದನಿಯೇ. ಕೋಣೆಯನ್ನು ದಾಟಿ ಕೇಳುವ ಅಭ್ಯಾಸ ನಮಗಿದೆ.

ಉಳಿದರ್ಧ ಸಿಕ್ಕಿದ್ದು ಕೆನಡಾದಲ್ಲಿ. 1980ರ ದಶಕದಲ್ಲಿ ಅಲ್ಲಿನ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಎಂಬವರು ಪರದೆಯ ಹಿಂದೆ ಸ್ಪೀಕರುಗಳನ್ನಿಟ್ಟು ಜನರಿಗೆ ಕೇಳಿಸಿದರು. ರುಚಿ ಒಬ್ಬೊಬ್ಬರದು ಒಂದೊಂದು ಎಂದುಕೊಂಡಿದ್ದವರಿಗೆ ಅಚ್ಚರಿ ಕಾದಿತ್ತು. ಕಾಣದೆ ಕೇಳಿದಾಗ ಹೆಚ್ಚಿನವರು ಮೆಚ್ಚಿದ್ದು ಒಂದೇ ಬಗೆಯ ಸ್ಪೀಕರುಗಳನ್ನು. ಎದುರಿಗೆ ಸಮನಾಗಿ ನುಡಿಯುವ, ಬದಿಗೂ ಅದೇ ದನಿಯನ್ನು ಹರಡುವ ಸ್ಪೀಕರುಗಳು ಅವು. 1994ರಲ್ಲಿ ಟೂಲ್ ಮತ್ತು ಶಾನ್ ಆಲಿವ್ ಇನ್ನೊಂದು ಪರೀಕ್ಷೆ ಪ್ರಕಟಿಸಿದರು. ಅದೇ ಸ್ಪೀಕರು, ಅದೇ ಕಿವಿ, ಪರದೆ ಮಾತ್ರ ಇಲ್ಲ. ಜನ ಕೊಟ್ಟ ಅಂಕಗಳೇ ಬದಲಾದವು.

ಬದಿಗೆ ಹರಡುವುದು ಯಾಕೆ ಇಷ್ಟು ಮುಖ್ಯ? 3,000 ಹರ್ಟ್ಸ್ ಸದ್ದಿನ ಅಲೆ ಸುಮಾರು 11 ಸೆಂಟಿಮೀಟರ್ ಉದ್ದ. ನನ್ನ ಸ್ಪೀಕರಿನ 8 ಇಂಚಿನ ಕೋನ್ ಅದಕ್ಕಿಂತ ದೊಡ್ಡದು. ಹಾಗಾಗಿ ಆ ಸದ್ದು ಟಾರ್ಚಿನ ಬೆಳಕಿನ ಹಾಗೆ ನೇರಕ್ಕೆ ಹೋಗುತ್ತದೆ. ಅಲ್ಲೇ ಮೇಲಿರುವ, ಕೀರಲು ಸದ್ದಿಗೆಂದೇ ಇಟ್ಟ ಸಣ್ಣ ಟ್ವೀಟರ್ ಮಾತ್ರ ಸುತ್ತಲೂ ಚೆಲ್ಲುತ್ತದೆ. ನೇರವಾಗಿ ಬಂದದ್ದು ಒಂದು ದನಿ, ಗೋಡೆಯಿಂದ ಮರಳಿದ್ದು ಇನ್ನೊಂದು ದನಿ. ಮಿದುಳಿಗೆ ಎರಡನ್ನೂ ಸೇರಿಸಲು ಆಗುವುದಿಲ್ಲ. ಚಿಕ್ಕಮೇಳದ ಚಂಡೆ ನಮ್ಮ ಗೋಡೆಗಳಿಗೆ ಕೊಟ್ಟದ್ದು ಚಂಡೆಯದೇ ಸದ್ದನ್ನು. ನನ್ನ ಡಬ್ಬ ಕೊಟ್ಟದ್ದು ಹರಕು ಸದ್ದನ್ನು. ಇಷ್ಟು ಗೊತ್ತಿಲ್ಲದೆ ಸುಮ್ನೆ ದುಬಾರಿ ವೈರಿಗೆ ದುಡ್ಡು ಹಾಕಿದ್ದೆ.

ಗೆಳೆಯರೊಬ್ಬರ 5 ಇಂಚಿನ ಕೋನ್ ಇರುವ ಜೋಡಿಯನ್ನು ವಾರದ ಮಟ್ಟಿಗೆ ತಂದೆ. ಗೋಡೆಯಿಂದ ಒಂದೂವರೆ ಅಡಿ ಮುಂದಿಟ್ಟು, ನೆಲಕ್ಕೆ ಜಮಖಾನ ಹಾಸಿ, ಗಾಜಿಗೆ ದಪ್ಪ ಪರದೆ ಎಳೆದೆ. ಭಾಗವತರ ದನಿ ಮೂಗಿನಿಂದ ಎದೆಗೆ ಇಳಿಯಿತು. ಪದದ ಕೊನೆಯಲ್ಲಿ ಉಸಿರು ಎಳೆದುಕೊಂಡದ್ದೂ ಕೇಳಿತು.

ಚಂಡೆ ಮಾತ್ರ ಇನ್ನೂ ಸಣ್ಣದೇ. ಸದ್ದು 10 ಡೆಸಿಬೆಲ್ ಏರಬೇಕಾದರೆ ಆಂಪ್ಲಿಫೈಯರ್ 10 ಪಟ್ಟು ವಾಟ್ ಕೊಡಬೇಕು, 20 ಏರಬೇಕಾದರೆ 100 ಪಟ್ಟು. ಅಷ್ಟು ತಡೆಯುವ ಕಸುವು 5 ಇಂಚಿನ ಕೋನಿಗಿಲ್ಲ. ರೆಕಾರ್ಡ್ ಮಾಡಿದವರೂ ಮೊದಲೇ ಪೆಟ್ಟಿನ ತುದಿಯನ್ನು ಒತ್ತಿ ತಗ್ಗಿಸಿರುತ್ತಾರೆ. ಈ ಮಳೆಗಾಲ ಮೇಳದವರ ಒಪ್ಪಿಗೆ ಕೇಳಿ, ಬ್ಲಮ್ಲೈನ್ ಹೇಳಿದ ಹಾಗೆ ಎರಡು ಮೈಕ್ ಇಟ್ಟು, ಏನೂ ಒತ್ತದೆ ನಮ್ಮ ಚಾವಡಿಯಲ್ಲೇ ರೆಕಾರ್ಡ್ ಮಾಡಬೇಕು ಅಂತಿದ್ದೇನೆ. ಆ ಹೊತ್ತಿಗೆ ಜಮಖಾನ ಮಡಚಿಟ್ಟಿರಬೇಕು, ವೇಷದವರು ಕುಣಿಯಬೇಕಲ್ಲ.