ಸೂಕ್ಷ್ಮಜೀವಿಗೆ ದೊಡ್ಡ ಟ್ಯಾಂಕು ಯಾರು ಕೊಡಿಸಬೇಕು?

ಮಲೇರಿಯಾಕ್ಕೆ ಕೊಡುವ ಆರ್ಟೆಮಿಸಿನಿನ್ ಒಂದು ಗಿಡದಿಂದ ಬರುವ ಔಷಧ. ಬೆಳೆ ಹೆಚ್ಚುಕಡಿಮೆಯಾದಂತೆ ಬೆಲೆಯೂ ಏರಿಳಿಯುತ್ತಿತ್ತು. ಗಿಡದ ಜೀನ್‌ಗಳನ್ನು ಯೀಸ್ಟ್‌ಗೆ ಸೇರಿಸಿ, ಔಷಧದ ಮೂಲವಸ್ತುವನ್ನು ಯೀಸ್ಟ್‌ನಿಂದಲೇ ಮಾಡಿಸಿದ್ದು ಅಮೆರಿಕದ ಬರ್ಕ್ಲಿಯಲ್ಲಿದ್ದ ಜೇ ಕೀಸ್ಲಿಂಗ್ ತಂಡ. 2006ರಲ್ಲಿ ಲೀಟರಿಗೆ ಸಿಕ್ಕಿದ್ದು ಸುಮಾರು 100 ಮಿಲಿಗ್ರಾಂ. ಅದನ್ನು 25 ಗ್ರಾಂಗೆ ಏರಿಸಿದ ವರದಿ ಬಂದದ್ದು 2013ರಲ್ಲಿ. ಆ ಕೆಲಸಕ್ಕೆ ಆಸರೆಯಾದದ್ದು ಗೇಟ್ಸ್ ಪ್ರತಿಷ್ಠಾನದ ಅನುದಾನ. ಲಾಭಕ್ಕಾಗಿ ಹಣ ಹೂಡುವವರು ಅಷ್ಟು ವರ್ಷ ಕಾಯುವುದು ಅಪರೂಪ.

ಜೀವಕೋಶವನ್ನು ಹೀಗೆ ನಮಗೆ ಬೇಕಾದ ಕೆಲಸಕ್ಕೆ ವಿನ್ಯಾಸ ಮಾಡುವುದೇ ಎಂಜಿನಿಯರಿಂಗ್ ಬಯಾಲಜಿ. ಡಿಎನ್‌ಎ ಬರೆಸುವುದು ಈಗ ಅಗ್ಗ. ಕಷ್ಟ ಶುರುವಾಗುವುದು ಆ ಕೋಶಗಳನ್ನು ಬೆಳೆಸುವ ದೊಡ್ಡ ಟ್ಯಾಂಕಿನಲ್ಲಿ.

ಕಾಲು ಲೀಟರಿನ ಫ್ಲಾಸ್ಕನ್ನು ಅಲ್ಲಾಡಿಸುತ್ತಿದ್ದರೆ ಗಾಳಿ ಎಲ್ಲ ಕೋಶಗಳಿಗೂ ತಲುಪುತ್ತದೆ. ಹತ್ತು ಸಾವಿರ ಲೀಟರಿನ ಫರ್ಮೆಂಟರ್‌ನಲ್ಲಿ, ಅಂದರೆ ಹುದುಗುವಿಕೆಯ ಟ್ಯಾಂಕಿನಲ್ಲಿ, ಹಾಗಲ್ಲ. ಒಂದು ಲೀಟರ್ ನೀರಿನಲ್ಲಿ ಕರಗುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಅಷ್ಟೆ. ದಟ್ಟವಾಗಿ ಬೆಳೆದ ಕೋಶಗಳು ಅದನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸಿಬಿಡುತ್ತವೆ. ಸಕ್ಕರೆ ಸುರಿಯುವ ಕಡೆ ಕೋಶಗಳಿಗೆ ಅದು ಅತಿಯಾದರೆ ದೂರದವು ಹಸಿದಿರುತ್ತವೆ. ಉಸಿರುಕಟ್ಟಿದ ಇ. ಕೋಲೈ ಬ್ಯಾಕ್ಟೀರಿಯಾ ಅಸಿಟಿಕ್ ಆಮ್ಲ ಬಿಟ್ಟು ತನ್ನ ಬೆಳವಣಿಗೆಗೆ ತಾನೇ ಅಡ್ಡಿಯಾಗುತ್ತದೆ. ಟ್ಯಾಂಕು ದೊಡ್ಡದಾದಷ್ಟೂ ಶಾಖ ಹೊರಹಾಕುವುದು ಕಷ್ಟ. ಇದೆಲ್ಲದರ ನಡುವೆ, ನಾವು ಹೇರಿದ ಜೀನ್ ಕಳೆದುಕೊಂಡ ಕೋಶಗಳು ಹೊರೆಯಿಲ್ಲದೆ ಬೇಗ ಬೆಳೆದು ಉಳಿದವನ್ನು ಹಿಂದೆ ಹಾಕುತ್ತವೆ. ಇದೆಲ್ಲ ಗೊತ್ತಾಗುವುದು ಆ ಗಾತ್ರದಲ್ಲಿ ಮಾಡಿ ನೋಡಿದಾಗಲೇ, ಅದೂ ಮತ್ತೆ ಮತ್ತೆ ಮಾಡಿದಾಗ. ಇಬ್ಬರು ಮೂವರು ಸೇರಿ ಕಟ್ಟಿದ ಸ್ಟಾರ್ಟಪ್‌ಗೆ ಅಂಥ ಟ್ಯಾಂಕು ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು?

ಸರ್ಕಾರದ ಹಣ ಬೇಕಾದದ್ದು ಇಲ್ಲೇ ಎನ್ನುವುದು ನನ್ನ ನಿಲುವು. ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ, ಜೈವಿಕ ಉತ್ಪಾದನೆಗೆ ಒತ್ತುಕೊಡುವ ಬಯೋಇ3 ನೀತಿ ಈ ದಿಕ್ಕಿನಲ್ಲೇ ಇದೆ: ಜೀವಕೋಶಗಳನ್ನು ವಿನ್ಯಾಸ ಮಾಡಿ ಪರೀಕ್ಷಿಸಲು ಹಲವರು ಹಂಚಿಕೊಂಡು ಬಳಸುವ ಬಯೋಫೌಂಡ್ರಿಗಳು, ಉತ್ಪಾದನಾ ಕೇಂದ್ರಗಳು, ಜೊತೆಗೆ ಎಐ ಕೇಂದ್ರಗಳು. ಅಮೆರಿಕ 2022ರ ಚಿಪ್ಸ್ ಅಂಡ್ ಸೈನ್ಸ್ ಕಾಯ್ದೆಯಲ್ಲಿ ಎಂಜಿನಿಯರಿಂಗ್ ಬಯಾಲಜಿಗೆಂದೇ ರಾಷ್ಟ್ರೀಯ ಕಾರ್ಯಕ್ರಮ ಸೇರಿಸಿತು; ಬ್ರಿಟನ್ 2023ರಲ್ಲಿ ಹತ್ತು ವರ್ಷಕ್ಕೆ 200 ಕೋಟಿ ಪೌಂಡ್ ಘೋಷಿಸಿತು.

ನಮ್ಮಲ್ಲಿ ಮೊದಲ ಮೆಟ್ಟಿಲು ಆಗಲೇ ಇದೆ. ಜೈವಿಕ ತಂತ್ರಜ್ಞಾನ ಉದ್ಯಮಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್‌ನ ‘ಬಿಗ್’ ಅನುದಾನದಲ್ಲಿ ಹೊಸ ಕಲ್ಪನೆಗೆ 50 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಜೀವವಿಜ್ಞಾನದ ಸ್ಟಾರ್ಟಪ್‌ಗಳನ್ನು ಬೆಳೆಸುವ ಬೆಂಗಳೂರಿನ ಸಿ-ಕ್ಯಾಂಪ್ ಸಂಸ್ಥೆ ಅದರ ಪಾಲುದಾರ. ಆದರೆ 50 ಲಕ್ಷದಲ್ಲಿ ಪ್ರಯೋಗಾಲಯದ ಫಲಿತಾಂಶ ತೋರಿಸಬಹುದೇ ಹೊರತು ಸಾವಿರಾರು ಲೀಟರಿನ ಉತ್ಪಾದನೆಗೆ ಕೈಹಾಕಲಾಗದು. ಇನ್ನೊಂದು ಮಾತು. ಟ್ಯಾಂಕು ಕೊಳ್ಳಲು ಒಮ್ಮೆ ಹಣ ಕೊಟ್ಟು ಸುಮ್ಮನಾಗಬಾರದು. ಹುದುಗುವಿಕೆ ರಾತ್ರಿಯೂ ನಿಲ್ಲುವುದಿಲ್ಲ. ದ್ರವದ ಪಿಎಚ್ (ಆಮ್ಲೀಯತೆಯ ಅಳತೆ) ನೋಡುವ, ನೊರೆ ಉಕ್ಕದಂತೆ ಕಾಯುವ, ವಾಲ್ವ್ ಸ್ವಚ್ಛವಿಡುವ ತಂತ್ರಜ್ಞರಿಗೆ ಪ್ರತಿ ತಿಂಗಳು ಸಂಬಳ ಬೇಕು. ಅದಕ್ಕೂ ಬಜೆಟ್‌ನಲ್ಲಿ ಈಗಲೇ ಒಂದು ಸಾಲು ಬರೆಯಬೇಕು.