ಕ್ಲೀನರ್ ಹಾಕಿದರೆ ಕಂಪ್ಯೂಟರ್ ಓಡುತ್ತಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಲ್ಯಾಪ್‌ಟಾಪ್ ತಗೊಂಡು ಏಳು ವರ್ಷ ಆಯ್ತು. ಆನ್ ಮಾಡಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಚಕ್ರ ತಿರುಗುತ್ತಲೇ ಇರುತ್ತದೆ. ಪುಕ್ಕಟೆ ಸಿಗುವ ಕ್ಲೀನರ್ ಸಾಫ್ಟ್‌ವೇರ್ ಹಾಕಿದರೆ ಸರಿಹೋಗುತ್ತದೆ ಅಂತಾರೆ. ಹಾಕಬಹುದಾ? ಯಾವುದು ಒಳ್ಳೆಯದು?

ಉತ್ತರ: ಹಾಕಬಹುದು. ಆದರೆ ಬೇಡದ ಫೈಲು ಅಳಿಸುವ ಕ್ಲೀನರ್ ಕೊಡುವುದು ಜಾಗ, ವೇಗ ಅಲ್ಲ. ಅಟ್ಟದ ಮೇಲಿನ ಹಳೇ ಹೆಡಿಗೆ, ಕಾಲು ಮುರಿದ ಕುರ್ಚಿ ಎಲ್ಲ ಕೆಳಗಿಳಿಸಿದರೆ ಅಟ್ಟ ಖಾಲಿಯಾಗುತ್ತದೆ, ಸರಿ. ಹಾಗಂತ ಒಲೆಯ ಹಸಿ ಸೌದೆ ಬೇಗ ಹತ್ತಿಕೊಳ್ಳುತ್ತಾ?

ಒಂದು ಸಂದರ್ಭ ಮಾತ್ರ ಬೇರೆ. ವಿಂಡೋಸ್ ಕೂತಿರುವ ಸಿ ಡ್ರೈವ್ ತುಂಬಿ, ದಿಸ್ ಪಿಸಿ ತೆರೆದಾಗ ಕಾಣುವ ಅದರ ಪಟ್ಟಿ ಕೆಂಪಾಗಿದ್ದರೆ ವಿಂಡೋಸ್ ನಿಜಕ್ಕೂ ಒದ್ದಾಡುತ್ತದೆ. ರ್‍ಯಾಮ್ (ಓಡುತ್ತಿರುವ ಕೆಲಸವನ್ನು ಇಟ್ಟುಕೊಳ್ಳುವ ಮೆಮೊರಿ) ಸಾಲದೇ ಹೋದಾಗ ಅದು ಡಿಸ್ಕಿನಲ್ಲೇ ಒಂದಷ್ಟು ಜಾಗ ಎರವಲು ಪಡೆಯುತ್ತದೆ. ಅಪ್‌ಡೇಟ್ ಬಂದರೆ ಅದನ್ನು ಬಿಚ್ಚಿಡಲೂ ಜಾಗ ಬೇಕು. ಅಂಥ ಹೊತ್ತಿನಲ್ಲಿ ಹತ್ತಿಪ್ಪತ್ತು ಜಿಬಿ ಖಾಲಿ ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಪಟ್ಟಿ ಅರ್ಧವೂ ತುಂಬಿಲ್ಲ ಅಂದರೆ ಕಸ ಗುಡಿಸಿ ಏನೂ ಸಿಗುವುದಿಲ್ಲ.

ಹಾಗಾಗಿ ಮೊದಲು ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು, ಮೆಮೊರಿ, ಡಿಸ್ಕ್ ಅಂತ ಕಾಲಂಗಳಿರುತ್ತವೆ, ತಲೆಯ ಮೇಲೆ ಶೇಕಡಾ ಲೆಕ್ಕ. ಏನೂ ಮುಟ್ಟದೆ ಐದು ನಿಮಿಷ ಸುಮ್ನೆ ನೋಡುತ್ತಾ ಕೂರಿ. ಏಳು ವರ್ಷದ ಲ್ಯಾಪ್‌ಟಾಪ್ ಅಂದಿರಲ್ಲ, ನನ್ನ ಅಂದಾಜು ಡಿಸ್ಕ್ ಕಾಲಂ 100ಕ್ಕೆ ಏರಿ ಅಲ್ಲೇ ಕೂತಿರುತ್ತದೆ.

ಯಾಕೆ ಅಂದರೆ, ಆ ಕಾಲದ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಇದ್ದದ್ದು ತಿರುಗುವ ಹಾರ್ಡ್ ಡಿಸ್ಕ್. ಹೆಚ್ಚಿನವು ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ತಟ್ಟೆಯ ಮೇಲೆ ಒಂದು ಪುಟ್ಟ ಕೈ ಆ ಕಡೆ ಈ ಕಡೆ ಓಡಾಡಿ ಓದಬೇಕು. ಚೆಲ್ಲಾಪಿಲ್ಲಿಯಾಗಿ ಬಿದ್ದ ಸಣ್ಣ ಸಣ್ಣ ಫೈಲುಗಳಾದರೆ ಸೆಕೆಂಡಿಗೆ ನೂರರ ಆಸುಪಾಸು ಜಾಗ ಮುಟ್ಟೀತು, ಅಷ್ಟೇ. ವಿಂಡೋಸ್ ಏಳುವಾಗ ಬೇಕಾಗುವುದು ಅಂಥ ಸಾವಿರಾರು ಫೈಲು. ಎಸ್‌ಎಸ್‌ಡಿ ಅನ್ನುವ ಹೊಸ ಬಗೆಯ ಡಿಸ್ಕಿನಲ್ಲಿ ತಿರುಗುವ ತಟ್ಟೆಯೇ ಇಲ್ಲ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದುತ್ತದೆ. ನೀವು ಕಾಫಿ ಕುಡಿಯುವಷ್ಟು ಹೊತ್ತು ಕಾಯುವುದು ಆ ಕೈ ಓಡಾಡಿ ಮುಗಿಸಲಿ ಅಂತ. ಯಾವ ಕ್ಲೀನರ್ ಬಂದರೂ ಅದರ ಓಟ ಜೋರಾಗುವುದಿಲ್ಲ.

ಹೋದ ಮಳೆಗಾಲದಲ್ಲಿ ಸಾಗರದ ಕಡೆ ನೆಂಟರ ಮನೆಗೆ ಹೋಗಿದ್ದೆ. "ಇದನ್ನೊಂಚೂರು ನೋಡು ಮಾರಾಯ" ಅಂತ ಲ್ಯಾಪ್‌ಟಾಪ್ ತಂದು ಮುಂದಿಟ್ಟರು. ತೆರೆದರೆ ಕೆಳಗಿನ ಮೂಲೆಯಲ್ಲಿ ಒಂದಾದ ಮೇಲೆ ಒಂದು ಹಳದಿ ಡಬ್ಬಿ. ಸಾವಿರದ ಚಿಲ್ಲರೆ ತೊಂದರೆ ಸಿಕ್ಕಿದೆ, ಸರಿಮಾಡಲು ದುಡ್ಡು ಕಟ್ಟಿ ಅಂತ. ನಿಧಾನ ಆಯ್ತೆಂದು ಒಂದು ಕ್ಲೀನರ್ ಹಾಕಿದ್ದರು, ಅದು ಸಾಲದೆಂದು ಇನ್ನೊಂದು, ಆಮೇಲೆ ಮಗ ಮತ್ತೊಂದು. ಮೂರೂ ಆನ್ ಆಗುತ್ತಿದ್ದಂತೆ ಎದ್ದು ಕೂತು, ಪೈಪೋಟಿಗೆ ಬಿದ್ದವರಂತೆ ಅದೇ ಬಡಪಾಯಿ ಡಿಸ್ಕನ್ನು ಜಾಲಾಡುತ್ತಿದ್ದವು. ಮೂರನ್ನೂ ಕಿತ್ತು ಹಾಕಿದೆ. ಅವತ್ತು ನಾನು ಮಾಡಿದ ಕ್ಲೀನಿಂಗ್ ಅಂದರೆ ಅದೊಂದೇ. ಕಾಯುವ ಹೊತ್ತು ಅರ್ಧಕ್ಕರ್ಧ ಕಡಿಮೆಯಾಯಿತು.

ಆಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ ನೋಡಿದೆ. ಇದೂ ಪುಕ್ಕಟೆ. ಇದು ಏನನ್ನೂ ಒರೆಸುವುದಿಲ್ಲ, ಡಿಸ್ಕಿನ ನಾಡಿ ಹಿಡಿದು ಹೇಳುತ್ತದೆ ಅಷ್ಟೇ. ನೀಲಿ ಬಣ್ಣದಲ್ಲಿ ಗುಡ್ ಅಂದರೆ ಸದ್ಯಕ್ಕೆ ಅಡ್ಡಿಯಿಲ್ಲ. ಅವರದು ಹಳದಿ, ಕಾಷನ್. ಡಿಸ್ಕಿನ ಕೆಲವು ಜಾಗ ಸತ್ತು, ಅಲ್ಲಿದ್ದದ್ದನ್ನು ಬೇರೆ ಕಡೆ ಸಾಗಿಸಿಕೊಂಡಿತ್ತು. ಹೀಗೆ ಸಾಯುತ್ತಿರುವ ಜಾಗಕ್ಕೆ ಬಂದಾಗ ಡಿಸ್ಕ್ ಮತ್ತೆ ಮತ್ತೆ ಓದಲು ನೋಡುತ್ತದೆ. ಪರದೆ ಗಟ್ಟಿಯಾಗಿ ನಿಂತುಬಿಡುವುದು ಆಗಲೇ.

ನಮ್ಮ ಕಡೆ ಇದಕ್ಕೆ ಕರೆಂಟಿನ ಕೈವಾಡವೂ ಇದೆ. ನಾಡಿಗೆಲ್ಲ ದೀಪ ಹಚ್ಚುವ ಶರಾವತಿ ಪಕ್ಕದಲ್ಲೇ ಹರಿಯುತ್ತಾಳೆ. ಲೈನಿನ ಮೇಲೆ ಒಂದು ಮರ ಬಿದ್ದರೆ ನಮಗೆ ಮಾತ್ರ ಎರಡು ದಿನ ಕತ್ತಲೆ. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿರುತ್ತದೆ, ಪ್ಲಗ್ಗಿನಲ್ಲೇ ಓಡುತ್ತಿರುತ್ತದೆ. ಕರೆಂಟ್ ಹೋದ ಕ್ಷಣ ಬರೆಯುತ್ತಿದ್ದ ಫೈಲು ಅರ್ಧಕ್ಕೇ ನಿಲ್ಲುತ್ತದೆ. ದಿನಕ್ಕೆ ನಾಲ್ಕು ಸಲ ಹೀಗಾದರೆ ಎಂಥ ಡಿಸ್ಕ್ ತಡೆದೀತು, ಹೇಳಿ? ಬ್ಯಾಟರಿ ಬದಲಿಸಿ, ಅಥವಾ ಡೆಸ್ಕ್‌ಟಾಪ್ ಆದರೆ ಸಣ್ಣದೊಂದು ಯುಪಿಎಸ್ ಇಡಿ.

ನಿಮ್ಮದೂ ಹಳದಿ ತೋರಿಸಿದರೆ ಕ್ಲೀನರ್ ಮಾತು ಅಲ್ಲಿಗೇ ಬಿಡಿ. ಅಡಿಕೆ ಲೆಕ್ಕ, ಪಹಣಿ ಸ್ಕ್ಯಾನು, ಮದುವೆ ಫೋಟೊ ಎಲ್ಲವನ್ನೂ ಅವತ್ತೇ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಆಮೇಲೆ ಶಿವಮೊಗ್ಗದಲ್ಲೋ ತೀರ್ಥಹಳ್ಳಿಯಲ್ಲೋ ನಂಬಿಕೆಯ ರಿಪೇರಿಯವರ ಹತ್ತಿರ 256 ಜಿಬಿ ಎಸ್‌ಎಸ್‌ಡಿ ಹಾಕಿಸಿ. ನೀಲಿ ಬಂದರೂ ನಾನು ಹಾಕಿಸಿ ಅಂತಲೇ ಹೇಳುತ್ತೇನೆ. ಹಾಕಿಸುವಾಗ ವಿಂಡೋಸ್ 11 ಆಗುತ್ತದಾ ಅಂತಲೂ ಕೇಳಿ, ಯಾಕಂದರೆ ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಆಗದಿದ್ದರೆ ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಮಿಂಟ್ ಇದೆ. ಅದೂ ಪುಕ್ಕಟೆ.

ಈಗ ಕ್ಲೀನರ್ ವಿಷಯಕ್ಕೆ ಬರೋಣ. ಅವು ಅಳಿಸುವುದರಲ್ಲಿ ದೊಡ್ಡ ಪಾಲು ಬ್ರೌಸರಿನ ಕ್ಯಾಷ್. ಒಮ್ಮೆ ನೋಡಿದ ಪುಟದ ಚಿತ್ರ, ಸಾಮಾನು ಸರಂಜಾಮನ್ನು ಬ್ರೌಸರ್ ಮನೆಯಲ್ಲೇ ಇಟ್ಟುಕೊಂಡಿರುತ್ತದೆ, ಮುಂದಿನ ಸಲ ಬೇಗ ತೋರಿಸಲಿ ಅಂತ. ಅದನ್ನು ಕಸ ಅಂತ ಬಿಸಾಕಿದರೆ ಎಲ್ಲವನ್ನೂ ಮತ್ತೆ ಇಳಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಫೈಬರ್ ಇರುವವರಿಗೆ ಇದು ಗೊತ್ತೇ ಆಗುವುದಿಲ್ಲ. ಸಿಗ್ನಲ್‌ಗೆ ಗುಡ್ಡ ಹತ್ತುವವರಿಗೆ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಕ್ಯಾಷ್ ಒರೆಸಿ "ಇಂಟರ್‌ನೆಟ್ ಇನ್ನೂ ನಿಧಾನ ಆಯ್ತಲ್ಲ" ಅಂತ ಬೈದುಕೊಳ್ಳುವವರನ್ನು ನೋಡಿದ್ದೇನೆ.

ಜಾಗ ಬೇಕೇ ಬೇಕು ಅಂದರೆ ಹೊರಗಿನದ್ದು ಏನೂ ಬೇಡ. ವಿಂಡೋಸ್ 10 ಮತ್ತು 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಸ್ಟೋರೇಜ್. ಟೆಂಪರರಿ ಫೈಲ್ಸ್ ಒತ್ತಿದರೆ ಯಾವುದು ಎಷ್ಟು ಜಾಗ ತಿಂದಿದೆ ಅಂತ ಪಟ್ಟಿ ಬರುತ್ತದೆ. ಅದರಲ್ಲಿ ಡೌನ್‌ಲೋಡ್ಸ್ ಅನ್ನುವ ಸಾಲಿಗೆ ಮಾತ್ರ ಟಿಕ್ ಹಾಕಬೇಡಿ. ಅದು ಕಸ ಅಲ್ಲ, ನೀವೇ ಇಳಿಸಿಟ್ಟ ಫೈಲುಗಳು. ಎಷ್ಟೋ ಜನರ ಆಧಾರ್ ಪಿಡಿಎಫ್ ಇರುವುದೇ ಅಲ್ಲಿ, ಅಲ್ವಾ?

ಇನ್ನೂ ಬೇಕು ಅನ್ನುವವರಿಗೆ ಬ್ಲೀಚ್‌ಬಿಟ್. 2008ರಿಂದ ಇರುವ ಓಪನ್ ಸೋರ್ಸ್ (ಒಳಗಿನ ಕೋಡ್ ಯಾರು ಬೇಕಾದರೂ ನೋಡಬಹುದಾದ) ಸಾಫ್ಟ್‌ವೇರ್, ಜಾಹೀರಾತಿನ ಕಾಟ ಇಲ್ಲ, ದುಡ್ಡು ಕೇಳುವುದಿಲ್ಲ. ಆದರೆ ಮಾತು ಕಡಿಮೆ, ಕತ್ತಿ ಹರಿತ. ಬ್ರೌಸರಿನ ಕೆಳಗೆ ಪಾಸ್‌ವರ್ಡ್ಸ್ ಅಂತ ಒಂದು ಸಾಲಿದೆ. ನಾನೇ ಒಮ್ಮೆ ಎಲ್ಲಕ್ಕೂ ಟಿಕ್ ಹಾಕುತ್ತಾ ಹೋಗಿ, ಎಚ್ಚರಿಕೆ ಬಂದರೂ ಓದದೆ ಒತ್ತಿ, ಮನೆಯವರೆಲ್ಲರ ಪಾಸ್‌ವರ್ಡ್ ಕಳೆದು ಎರಡು ದಿನ ಬೈಸಿಕೊಂಡೆ. ಖಾಲಿ ಜಾಗವನ್ನು ಒರೆಸುವ ಆಯ್ಕೆಯೂ ಇದೆ. ಅದು ಗಂಟೆಗಟ್ಟಲೆ ಓಡುತ್ತದೆ, ಮನೆಯ ಬಳಕೆಗೆ ಬೇಡ.

ಸಿಕ್ಲೀನರ್ ಹೆಸರು ಎಲ್ಲರೂ ಕೇಳಿರುತ್ತಾರೆ. 2017ರಲ್ಲಿ ಅದರ 5.33 ಆವೃತ್ತಿಯೊಳಗೆ ಯಾರೋ ದುಷ್ಟ ಕೋಡ್ ತೂರಿಸಿದ್ದರು. ಅದು ಕಂಪನಿಯದೇ ಸರ್ವರಿನಿಂದ ಸುಮಾರು 22 ಲಕ್ಷ 70 ಸಾವಿರ ಕಂಪ್ಯೂಟರುಗಳಿಗೆ ಹೋಯಿತು. ಅದನ್ನು ಆಗಲೇ ಸರಿಮಾಡಿದರು. ಆದರೂ ನನಗೆ ಅದರ ಅಗತ್ಯ ಕಾಣುವುದಿಲ್ಲ. ರಿಜಿಸ್ಟ್ರಿ ಕ್ಲೀನಿಂಗ್ ಅಂತ ಎಲ್ಲೇ ಕಂಡರೂ ಮುಟ್ಟಬೇಡಿ. ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಟ್ಟುಕೊಂಡ ಕಡತ. ಲಕ್ಷಗಟ್ಟಲೆ ಸಾಲಿರುವ ಅದರಲ್ಲಿ ಇನ್ನೂರು ಸಾಲು ಅಳಿಸಿದರೆ ವೇಗ ಬರುವುದಿಲ್ಲ, ಬೇಕಾದ ಸಾಲು ಹೋದರೆ ವಿಂಡೋಸೇ ಏಳದಿರಬಹುದು. ಇಂಥ ಸಾಧನಗಳಿಗೆ ತನ್ನ ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ.

ಬ್ರೌಸರ್ ತೆರೆದರೆ ಬೇಡದ ಪುಟ, ಬೇಡದ ಜಾಹೀರಾತು ಬರುತ್ತಿದ್ದರೆ ಮಾಲ್‌ವೇರ್‌ಬೈಟ್ಸ್‌ನ ಆಡ್‌ಡಬ್ಲ್ಯುಕ್ಲೀನರ್ ಒಮ್ಮೆ ಓಡಿಸಿ. ಇನ್‌ಸ್ಟಾಲ್ ಮಾಡುವುದೂ ಬೇಡ. ಇನ್ನು ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಗುರುತಿಲ್ಲದವರನ್ನು, ಮೀಟಿಂಗ್ ಆಪ್‌ಗಳನ್ನು ಡಿಸೇಬಲ್ ಮಾಡಿ. ಅವು ಅಳಿದುಹೋಗುವುದಿಲ್ಲ, ತಾವಾಗಿ ಏಳುವುದಿಲ್ಲ ಅಷ್ಟೇ. ಡಿಟಿಪಿ ಅಂಗಡಿಯವರಿಗೆ ಒಂದು ಮಾತು: ಲಗ್ನಪತ್ರಿಕೆಗೆ ಅಂತ ವರ್ಷಗಟ್ಟಲೆ ತುಂಬಿಸಿದ ನೂರಾರು ಫಾಂಟುಗಳೂ ಕೋರೆಲ್‌ಡ್ರಾ ತೆರೆಯುವಾಗ ಒಂದೊಂದಾಗಿ ಲೆಕ್ಕಕ್ಕೆ ಬರುತ್ತವೆ. ಬಳಸದವನ್ನು ಬೇರೆ ಫೋಲ್ಡರಿಗೆ ಕಾಪಿ ಮಾಡಿಟ್ಟು ಅನ್‌ಇನ್‌ಸ್ಟಾಲ್ ಮಾಡಿ.

ಕೊನೆಗೆ ಪೆಟ್ಟಿಗೆಯ ಒಳಗಿನ ಕಸ. ಮಲೆನಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಡೆಸ್ಕ್‌ಟಾಪ್ ಒಂದನ್ನು ಬಿಚ್ಚಿದಾಗ ಒಳಗೆ ಇರುವೆ ಸಾಲು, ಎರಡು ಹಲ್ಲಿ ಮೊಟ್ಟೆ, ಫ್ಯಾನಿನ ರೆಕ್ಕೆಗೆ ಅಡಿಕೆ ಒಲೆಯ ಹೊಗೆಯ ಜಿಡ್ಡು ಅಂಟಿದ ಧೂಳು ಕಂಡಿದ್ದೇನೆ. ಗಾಳಿ ಆಡದೆ ಪ್ರೊಸೆಸರ್ ಕಾದು 100 ಡಿಗ್ರಿ ಹತ್ತಿರ ಹೋದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಅದಕ್ಕೆ ಬೇಕಾದದ್ದು ಬ್ರಷ್ಷು. ಆಗುಂಬೆ ಮಳೆಯ ತೇವಕ್ಕೆ ರ್‍ಯಾಮಿನ ಹಿತ್ತಾಳೆ ಬಣ್ಣದ ಅಂಚು ಮಂಕಾಗುವುದೂ ಉಂಟು. ಪ್ಲಗ್ ಕಿತ್ತು, ರ್‍ಯಾಮ್ ತೆಗೆದು, ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ ಹಾಕಿದರೆ ಸುಮಾರು ಸಲ ಸರಿಹೋಗುತ್ತದೆ. ಲ್ಯಾಪ್‌ಟಾಪ್ ಆದರೆ ನೀವೇ ಬಿಚ್ಚಬೇಡಿ. ಮಳೆಗಾಲದಲ್ಲಿ ದಿನಾ ಅರ್ಧ ಗಂಟೆ ಆನ್ ಮಾಡಿಟ್ಟರೆ ಅದರದೇ ಬಿಸಿಗೆ ತೇವ ಆರುತ್ತದೆ. ಗುಡುಗು ಶುರುವಾದರೆ ಮಾತ್ರ ಮೊದಲು ಪ್ಲಗ್ ಕಿತ್ತುಬಿಡಿ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಲ್ಯಾಪ್‌ಟಾಪ್ ಆನ್ ಮಾಡಿ ಹತ್ತು ನಿಮಿಷ ಬಿಟ್ಟು ಟಾಸ್ಕ್ ಮ್ಯಾನೇಜರ್ ತೆರೆದು, ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿ. ಡಿಸ್ಕ್ ಕಾಲಂ ಕಾಣುವ ಹಾಗೆ ತೆಗೆಯಿರಿ. ಅದನ್ನು ನೋಡಿ, ರಿಪೇರಿಯವರ ಹತ್ತಿರ ಏನು ಹೇಳಬೇಕು ಅಂತ ಬರೆಯುತ್ತೇನೆ.